ಅವಿನುವೊಳನ್ನು ಕರೆಯಲು ಹೋದ ಸಂಜೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಮೈಸೂರಿನ ನಮ್ಮ ಮನೆಯಲ್ಲಿ ಪೂಜೆ ನಡೆಯುತ್ತಿತ್ತು, ಆದರೆ ದೆವ್ವ, ಗಾಳಿ, ಸೋಕು ಎಂಬ ಮಾತುಗಳಿಗೆ ಜಾಗವಿರಲಿಲ್ಲ. ಅಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಆಮೇಲೆ ನಾನು ಹಿಡಿದ ಕೆಲಸವೂ ಅದೇ ಸ್ವಭಾವದ್ದು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಒಂದು ದೋಷ ಕಂಡಿತು ಎಂದರೆ ಸಾಲದು, ಅದನ್ನು ಮತ್ತೊಮ್ಮೆ ಮಾಡಿ ತೋರಿಸಬೇಕು. ತೋರಿಸಲಾಗದ್ದನ್ನು ಯಾರೂ ಒಪ್ಪುವುದಿಲ್ಲ. ಈಗ ನಾನು ಹೇಳಹೊರಟಿರುವುದು ಒಂದೇ ಸಲ ನಡೆದದ್ದು. ಮತ್ತೊಮ್ಮೆ ಮಾಡಿ ತೋರಿಸಲು ನನ್ನಿಂದ ಆಗದು. ಹಾಗಾಗಿ ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಸವಿ ಎರಡು ಸಾವಿರ ಬಂದೊಡನೆ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಎಲ್ಲರೂ ಹೆದರಿ, ಏನೂ ನಿಲ್ಲದೆ, ನಮ್ಮಂಥವರ ಕೆಲಸ ಮಾತ್ರ ಇನ್ನಷ್ಟು ಹೆಚ್ಚಿದ್ದ ಚಳಿಗಾಲ ಅದು. ನಾನು ನ್ಯೂಜೆರ್ಸಿಯ ಐಸೆಲಿನ್‌ನಲ್ಲಿದ್ದೆ. ಓಕ್ ಟ್ರೀ ರೋಡಿನ ಸೀರೆ ಅಂಗಡಿಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಧಾರವಾಡದ ಗಂಗಾ ಆಂಟಿಯ ಮನೆಯ ಮಹಡಿಯಲ್ಲಿ, ಎರಡು ಕೋಣೆ ಮತ್ತು ಒಂದು ಪುಟ್ಟ ಅಡುಗೆಮನೆ. ಜೊತೆಗೆ ಅವಿನುವೊ.

ಅವಿನುವೊ ನಾಗಾಲ್ಯಾಂಡಿನವಳು, ಅಂಗಾಮಿ ಜನ. ಎಂಜಿನಿಯರಿಂಗ್ ಓದಲು ಮೈಸೂರಿಗೆ ಬಂದು ನನ್ನ ಸಹಪಾಠಿಯಾದಳು. ಹಾಸ್ಟೆಲಿನ ಮೆಸ್ಸಿನಲ್ಲೂ ಆಟೋದವರ ಜೊತೆ ಜಗಳವಾಡುತ್ತಲೂ ಕಲಿತ ಕನ್ನಡ ಅವಳದು. ವ್ಯಾಕರಣಕ್ಕೆ ಹೆಚ್ಚು ಮರ್ಯಾದೆ ಕೊಡದೆ, ಆದರೆ ಯಾವುದಕ್ಕೂ ತಡವರಿಸದೆ ಮಾತಾಡುತ್ತಿದ್ದಳು. ನಾನು ಕಡಿಮೆ ಮಾತಿನವಳು. ಅವಳು ನಗದೆ ನಗಿಸುವವಳು. ಒಂದೇ ಕಂಪನಿಯ ಮೂಲಕ ಇಬ್ಬರೂ ಇಲ್ಲಿಗೆ ಬಂದಾಗ ಒಟ್ಟಿಗೆ ಮನೆ ಮಾಡುವುದು ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ.

ಅವಳ ಅಡುಗೆಗೆ ಹುಳಿ ಹಿಡಿಸಿದ ಸೋಯಾ ಕಾಳು ಬೇಕು. ಊರಿನಿಂದ ಎಲೆಯಲ್ಲಿ ಸುತ್ತಿ ತಂದದ್ದನ್ನು ಒಲೆಗೆ ಹಾಕಿದ ದಿನ ವಾಸನೆ ಮೆಟ್ಟಿಲಿಳಿದು ಕೆಳಗಿನ ಮನೆಗೂ ಹೋಯಿತು. ಗಂಗಾ ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಲೆ ಬಂದರು.

“ಏನ್ರೆವಾ, ಮ್ಯಾಲೆ ಇಲಿ ಗಿಲಿ ಸತ್ತದೇನು?”

“ಇಲ್ಲ ಆಂಟಿ,” ಎಂದಳು ಅವಿ, ಸೌಟು ತಿರುವುತ್ತಾ. “ಇಲಿ ಇನ್ನೂ ಬೆಂದಿಲ್ಲ.”

ಆಂಟಿ ಹೌಹಾರಿ ನನ್ನ ಮುಖ ನೋಡಿದರು. ನಾನು ನಕ್ಕ ಮೇಲೆಯೇ ಅವರಿಗೆ ಜೀವ ಬಂದದ್ದು. ಆಮೇಲೆ ಇಬ್ಬರಿಗೂ ಬಹಳ ಸ್ನೇಹವಾಯಿತು. ಆಂಟಿ ಜೋಳದ ರೊಟ್ಟಿ ತಟ್ಟಿದ ದಿನ ಮೊದಲ ರೊಟ್ಟಿ ಅವಿಗೆ ಬರುತ್ತಿತ್ತು. ಅಕ್ಕಿ, ಸೊಪ್ಪು ಹಾಕಿ ಮೆತ್ತಗೆ ಬೇಯಿಸುವ ತನ್ನ ಊರಿನ ಗಾಲೊ ಎಂಬ ಗಂಜಿಯನ್ನು ಅವಿ ಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಮಾಡಿ ಕೆಳಗೆ ಕೊಟ್ಟು ಬರುತ್ತಿದ್ದಳು. “ಇದು ನಮ್ಮ ಹುಗ್ಗೀನ ಅಲ್ಲೇನು? ಒಗ್ಗರಣಿ ಒಂದ ಮರ್ತಾರ,” ಎಂದು ಆಂಟಿಯ ತೀರ್ಪು.

ಆ ಅಡುಗೆಮನೆಯಲ್ಲಿ ಕೇಳಿದ ಅವಳ ಊರು ನನಗೆ ಈಗಲೂ ನಾನೇ ಬೆಳೆದ ಊರಿನಷ್ಟು ಸ್ಪಷ್ಟ. ಬೆಟ್ಟದ ನೆತ್ತಿಯ ಮೇಲೆ ಮನೆಗಳು, ಊರಿಗೊಂದು ಕೆತ್ತನೆಯ ಮರದ ಹೆಬ್ಬಾಗಿಲು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಹಿರಿಯರನ್ನು ಮನೆಯ ಮುಂದೆಯೇ ಮಣ್ಣು ಮಾಡಿ ಮೇಲೆ ಅಗಲವಾದ ಕಲ್ಲು ಹಾಸುತ್ತಾರೆ. ಸಂಜೆ ಎಲ್ಲರೂ ಆ ಕಲ್ಲುಗಳ ಮೇಲೆಯೇ ಕೂತು ಹರಟುವುದು. “ನಮ್ಮ ಅಜ್ಜ ಸತ್ತ ಮೇಲೂ ಒಂದು ಹರಟೆ ಮಿಸ್ ಮಾಡಿಲ್ಲ,” ಎನ್ನುತ್ತಿದ್ದಳು. ಒಂದೇ ವಯಸ್ಸಿನ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ಗದ್ದೆ ಎಂದು ನಾಟಿ ಮಾಡುತ್ತಾರೆ. ಮೇಲಿನ ಗದ್ದೆಯವರು ಹಾಡಿನ ಒಂದು ಸಾಲು ಎತ್ತಿದರೆ ಕೆಳಗಿನವರು ಮುಂದಿನ ಸಾಲು ಹಾಡಬೇಕು. ವರ್ಷದಲ್ಲಿ ಕೆಲವು ದಿನ ಇಡೀ ಊರು ಕೆಲಸ ಬಿಡುತ್ತದೆ. ಯಾರೂ ಗದ್ದೆಗೆ ಇಳಿಯುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಅಂಥ ದಿನ ಅಜ್ಜಿ ಒಲೆಯ ಪಕ್ಕ ಕೂತು, ಹೊಗೆಗೆ ತೂಗುಹಾಕಿದ ಮಾಂಸದ ಕೆಳಗೆ, ಅವಳಿಗೆ ನೇಯುವುದನ್ನು ಹೇಳಿಕೊಟ್ಟಿದ್ದಳು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕಾಲು ಚಾಚಿ ಕೂತು ನೇಯುವ ಸಣ್ಣ ಮಗ್ಗ. ಐಸೆಲಿನ್‌ನಲ್ಲಿ ಅದರ ಇನ್ನೊಂದು ತುದಿಯನ್ನು ಹೀಟರಿನ ಪೈಪಿಗೆ ಕಟ್ಟುತ್ತಿದ್ದಳು. ಭಾನುವಾರ ಮಧ್ಯಾಹ್ನ ಅವಳು ನೇಯುತ್ತಿದ್ದರೆ ನಾನು ಪಕ್ಕದಲ್ಲಿ ಓದುತ್ತಾ ಬಿದ್ದಿರುತ್ತಿದ್ದೆ. ಅಷ್ಟು ನೆಮ್ಮದಿಯ ಭಾನುವಾರಗಳು ನನಗೆ ಆಮೇಲೆ ಸಿಕ್ಕಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅವಳ ಹಳೆಯ ಕಾರಿನಲ್ಲಿ ಇಬ್ಬರೂ ಆಫೀಸಿಗೆ ಹೋಗುತ್ತಿದ್ದೆವು. ಹಿಲ್ಸ್‌ಬರೋ ಬಳಿ, ಎರಡೂ ಕಡೆ ಮೆಕ್ಕೆಜೋಳದ ಕೂಳೆ ನಿಂತ ಹೊಲಗಳ ನಡುವೆ, ಒಂದು ತಿರುವಿನಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆಯ ಮೇಲೆ ಗಾಲಿ ಜಾರಿತು. ಕಾರು ಗಿರ್ರೆಂದು ತಿರುಗಿ, ರಸ್ತೆ ಬಿಟ್ಟು, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಕೆಂಪು ಬಣ್ಣದ ಒಂದು ಅಂಚೆಡಬ್ಬಿಗೂ ನಮಗೂ ನಡುವೆ ಒಂದು ಗೇಣು ಜಾಗವಿತ್ತು. ಯಾರಿಗೂ ಒಂದು ಗೀರೂ ಆಗಲಿಲ್ಲ, ಕಾರಿಗೂ ಆಗಲಿಲ್ಲ. ಅವಿ ಸ್ಟೀರಿಂಗ್ ಹಿಡಿದುಕೊಂಡೇ, “ಆಫೀಸಿಗೆ ಹೋಗೋದು ಬೇಡ ಅಂತ ಕಾರೇ ಹೇಳ್ತಾ ಇದೆ,” ಎಂದಳು. ನಾವು ಹೋದೆವು. ಕೆಲಸವನ್ನೂ ಮಾಡಿದೆವು.

ಆ ವಾರದಿಂದಲೇ ಅವಳ ಊಟ ಕಡಿಮೆಯಾಯಿತು. ಮೊದಲು ನಾನು ಗಮನಿಸಲಿಲ್ಲ. ಆಮೇಲೆ ಗಮನಿಸದಿರಲು ಆಗಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಲ್ಲಿ ಆಡಿಸಿ ಎದ್ದುಬಿಡುತ್ತಿದ್ದಳು. ಆಫೀಸಿಗೆ ರಜೆ ಹಾಕಿದಳು. ಹಗಲೂ ಮಲಗಿರುತ್ತಿದ್ದಳು, ನಿದ್ದೆ ಎಂದು ಹೇಳುವ ಹಾಗೂ ಇಲ್ಲ, ಎಚ್ಚರ ಎಂದು ಹೇಳುವ ಹಾಗೂ ಇಲ್ಲ. ಅರ್ಧ ನೇಯ್ದ ಬಟ್ಟೆ ಪೈಪಿಗೆ ಕಟ್ಟಿದ್ದ ಹಾಗೇ ಇತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಸ್ವಲ್ಪ ಕಡಿಮೆ ಇದೆ ಎಂದು ಮಾತ್ರೆ ಬರೆದುಕೊಟ್ಟು, ಚಳಿಗಾಲದಲ್ಲಿ ಕೆಲವರಿಗೆ ಮನಸ್ಸು ಕುಗ್ಗುತ್ತದೆ ಎಂದರು. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಲ್ಲಿ ಸಿಗುವಷ್ಟು ಸೊರಗಿತು. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಅವಳು ತಮಾಷೆ ಮಾಡುವುದನ್ನು ನಿಲ್ಲಿಸಿದ್ದಳು.

ಅವಳ ಅಮ್ಮ ಭಾನುವಾರಗಳಂದು ಊರಿನಿಂದ ಕೊಹಿಮಾದ ತಮ್ಮನ ಮನೆಗೆ ಬಂದು ಕಾಯುತ್ತಿದ್ದರು. ಅವಿ ಕಾಲಿಂಗ್ ಕಾರ್ಡಿನಿಂದ ಅಲ್ಲಿಗೆ ಫೋನ್ ಮಾಡುತ್ತಿದ್ದಳು. ಒಂದು ಭಾನುವಾರ ಮಾತು ಮುಗಿಸಿ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು:

“ಅಮ್ಮ ಹೇಳ್ತಾಳೆ, ನೀನು ಅಲ್ಲೇ ಬಿಟ್ಟು ಬಂದಿದ್ದೀಯ ಅಂತ.”

“ಏನನ್ನ?”

“ನನ್ನನ್ನೇ.”

ಆಮೇಲೆ ಅವಳು ವಿವರಿಸಿದ್ದು ಇದು. ಅವಳ ಊರಿನಲ್ಲಿ ಯಾರಾದರೂ ಕಾಡಿನಲ್ಲೋ ಹೊಳೆಯ ಬಳಿಯೋ ಬೆಚ್ಚಿ ಬಿದ್ದು, ಆಮೇಲೆ ಕಾರಣವಿಲ್ಲದೆ ಅನ್ನ ಬಿಟ್ಟರೆ, ಅವರ ಜೀವ ಅಲ್ಲೇ ಉಳಿದಿದೆ ಎಂದು ತಿಳಿಯುತ್ತಾರೆ. ಅದಕ್ಕೆ ದಾರಿ ಗೊತ್ತಿಲ್ಲ, ಯಾರಾದರೂ ಹೋಗಿ ಕರೆಯಬೇಕು. ಒಂದೇ ಒಲೆಯ ಅನ್ನ ಉಣ್ಣುವವರು ಹೋಗಬೇಕು. ಆ ಒಲೆಯ ಹಿಡಿ ಅನ್ನ ಮತ್ತು ಕಾಯಿಲೆಯವರ ಶಾಲು ತೆಗೆದುಕೊಂಡು ಹೋಗಿ, ಹೆಸರು ಹಿಡಿದು ಕರೆದು, ಅನ್ನ ಆಗಿದೆ ಮನೆಗೆ ಬಾ ಎನ್ನಬೇಕು. ಶಾಲನ್ನು ತೋಳಿನ ಮೇಲೆ ಹಾಕಿಕೊಂಡು ಹಿಂದಿರುಗಬೇಕು. ತಿರುಗಿ ನೋಡಬಾರದು, ಯಾರೊಂದಿಗೂ ಮಾತಾಡಬಾರದು. ಹಾಗೆ ಬರುವವರನ್ನು ಕಂಡರೆ ಊರಿನ ಜನ ಸುಮ್ಮನೆ ದಾರಿ ಬಿಡುತ್ತಾರೆ. ಹೊಸ್ತಿಲಿಗೆ ಬಂದಾಗ ಒಳಗಿನಿಂದ ಒಬ್ಬರು “ಬಂದಳಾ?” ಎಂದು ಕೇಳಬೇಕು. “ಬಂದಳು” ಎಂದು ಹೇಳಿ ಒಳಗೆ ಕಾಲಿಡಬೇಕು. ಆ ಅನ್ನವನ್ನು ಕಾಯಿಲೆಯವರು ಉಣ್ಣಬೇಕು. ಅವಿ ಚಿಕ್ಕವಳಿದ್ದಾಗ ಹೊಳೆಗೆ ಜಾರಿ ಬಿದ್ದಿದ್ದಳಂತೆ, ಅಜ್ಜಿ ಹೋಗಿ ಕರೆದುಕೊಂಡು ಬಂದಿದ್ದಳಂತೆ.

“ಈಗ ಊರೆಲ್ಲ ಕ್ರಿಶ್ಚಿಯನ್, ಚರ್ಚಿನಲ್ಲಿ ಯಾರೂ ಇದನ್ನ ಮಾತಾಡಲ್ಲ,” ಎಂದಳು. “ನಮ್ಮಮ್ಮ ಚರ್ಚಿನಲ್ಲಿ ಮುಂದಿನ ಬೆಂಚು. ಫೋನಿನಲ್ಲಿ ಪಿಸುಪಿಸು ಹೇಳ್ತಿದ್ಳು, ಪಾಪ.”

ನಾನು ಹೋಗುತ್ತೇನೆ ಎಂದೆ. ನಂಬಿಕೆಯಿಂದಲ್ಲ. ಡಾಕ್ಟರು ಮಾಡುವುದನ್ನು ಮಾಡಿಯಾಗಿತ್ತು, ಅವಳ ಅಮ್ಮನ ಸಮಾಧಾನಕ್ಕೆ ನಾನು ಮಾಡಬಹುದಾದದ್ದು ಇದೊಂದೇ ಇತ್ತು. ಬಾಗಿಲಲ್ಲಿ ಕೇಳಲು ಮನೆಯಲ್ಲಿ ಮೂರನೆಯವರಿಲ್ಲವಲ್ಲ ಎಂದಾಗ, ಮೆಟ್ಟಿಲ ಮೇಲೆ ಕೂತು ತಾನೇ ಕೇಳುತ್ತೇನೆ ಎಂದಳು. ಗಂಗಾ ಆಂಟಿಗೆ ಏನೂ ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿದೆವು. ಅವರಿಗೆ ಹೇಳಿದರೆ ಓಕ್ ಟ್ರೀ ರೋಡಿಗೆಲ್ಲ ಹೇಳಿದ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಅನ್ನ ಮಾಡಿ, ಒಂದು ಹಿಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಅವಳ ಕಪ್ಪು ಶಾಲನ್ನು ತೆಗೆದುಕೊಂಡು ಆಫೀಸಿಗೆ ಹೋದೆ. ಸಂಜೆ ಹಿಂದಿರುಗುವಾಗ ಆ ತಿರುವಿನಲ್ಲಿ ಅವಳದೇ ಕಾರನ್ನು ಬದಿಗೆ ನಿಲ್ಲಿಸಿದೆ. ಸೂರ್ಯ ಮುಳುಗಿದ್ದ, ಹೊಲದ ಮೇಲಿನ ಹಿಮದಿಂದ ಮಾತ್ರ ಸ್ವಲ್ಪ ಬೆಳಕಿತ್ತು. ಕೆಂಪು ಅಂಚೆಡಬ್ಬಿಯ ಪಕ್ಕ ಶಾಲು ಹಿಡಿದು ನಿಂತಾಗ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಒಂದು ಪಿಕಪ್ ಟ್ರಕ್ ಬಂದು ನಿಧಾನಿಸಿತು, ವಯಸ್ಸಾದ ಬಿಳಿಯನೊಬ್ಬ ಕಿಟಕಿ ಇಳಿಸಿ, ಎಲ್ಲ ಸರಿ ಇದೆಯೇ ಎಂದು ಕೇಳಿದ. ಇನ್ನೂ ಕರೆದಿರಲಿಲ್ಲವಾದ್ದರಿಂದ ಮಾತಾಡಬಹುದಿತ್ತು. ಇಲ್ಲಿ ಏನೋ ಒಂದನ್ನು ಬಿಟ್ಟು ಹೋಗಿದ್ದೆವು, ತೆಗೆದುಕೊಂಡು ಹೋಗಲು ಬಂದೆ ಎಂದೆ. “ಹೋಪ್ ಯು ಫೈಂಡ್ ಇಟ್,” ಎಂದು ಹೇಳಿ ಹೋದ.

ಅವನ ದೀಪ ಮರೆಯಾದ ಮೇಲೆ ಕರೆದೆ. ಅವಳ ಭಾಷೆಯಲ್ಲಿ ಹೇಳಬೇಕಾದ ಮಾತನ್ನು ಅವಳು ಹೇಳಿಕೊಟ್ಟಿದ್ದಳು. ಬಾಯಿಗೆ ಬರಲೇ ಇಲ್ಲ. “ಅವಿನುವೊ, ಬಾರೇ. ಅನ್ನ ಆಗಿದೆ, ಮನೆಗೆ ಹೋಗೋಣ,” ಎಂದು ಕನ್ನಡದಲ್ಲೇ ಅಂದೆ.

ಏನೂ ಆಗಲಿಲ್ಲ. ಗಾಳಿ ಕೂಡ ಬೀಸಲಿಲ್ಲ. ಶಾಲನ್ನು ತೋಳಿಗೆ ಹಾಕಿಕೊಂಡು ಕಾರು ಹತ್ತಿದೆ. ಪಕ್ಕದ ಸೀಟಿನಲ್ಲಿದ್ದ ನನ್ನ ಬ್ಯಾಗನ್ನು ಎತ್ತಿ ಹಿಂದಕ್ಕೆ ಹಾಕಿದೆ. ಹಾಗೇಕೆ ಮಾಡಿದೆನೋ ತಿಳಿಯದು, ಸಭ್ಯತೆ ಎನ್ನಿಸಿತು. ರೇಡಿಯೋ ಹಾಕಲಿಲ್ಲ. ಹಿಂದಿನ ವಾಹನಗಳನ್ನು ನೋಡುವ ಕನ್ನಡಿಯನ್ನು ಮಾತ್ರ ನೋಡಲೇಬೇಕಾಯಿತು. ಅದು ತಿರುಗಿ ನೋಡಿದ ಹಾಗಾಗುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಜ್ಜಿಯ ಕಾಲದಲ್ಲಿ ಅದಕ್ಕೆ ನಿಯಮ ಇರಲು ಸಾಧ್ಯವಿರಲಿಲ್ಲ.

ಮನೆಯ ಮುಂದೆ ಇಳಿದಾಗ ಬಾಗಿಲು ಆಗಲೇ ತೆರೆದಿತ್ತು. ಗಂಗಾ ಆಂಟಿ ಹೊಸ್ತಿಲ ಒಳಗೆ ನಿಂತಿದ್ದರು. ಒಂದು ಕೈಯಲ್ಲಿ ರೊಟ್ಟಿಯ ತುಣುಕು, ಅದರ ಮೇಲೆ ಉಪ್ಪು, ಒಣಮೆಣಸಿನಕಾಯಿ.

“ನಿಂದರು. ಅಲ್ಲೇ ನಿಂದರು,” ಎಂದರು. “ನೀ ಯಾಕ ಇನ್ನೂ ಬಂದಿಲ್ಲಂತ ಅವಿನ್ನ ಕೇಳಿದೆ. ಕಾರ ಜಾರಿದ ಜಾಗಾಕ್ಕ ಹೋಗ್ಯಾಳ, ನನ್ನದೊಂದು ಸಾಮಾನು ಅಲ್ಲಿ ಉಳದದ ಅಂದ್ಲು ಆಕಿ. ಹೊತ್ತ ಮುಣಗಿದ ಮ್ಯಾಲೆ ಅಂಥಾ ಜಾಗಾಕ್ಕ ಹೋಗ್ತಾರೇನು? ಮದಲ ಆಕೀಗೆ ಅಂಜಿಕಿ ಹತ್ತೇದ. ಬೆನ್ನ ಹತ್ತಿ ಏನರ ಬಂದಿದ್ರ ಹೊರಗಿಂದ ಹೊರಗ ಹೋಗಲಿ.”

ನಮ್ಮಲ್ಲಿ ನಿವಾಳಿಸುವುದು ಎಂದರೆ ಏನೆಂದು ನಿಮಗೆ ಗೊತ್ತು. ಹೊರಗಿನಿಂದ ಬಂದವರ ಜೊತೆಗೆ ಬೇರೇನೋ ಬಂದಿದ್ದರೆ ಅದನ್ನು ಹೊಸ್ತಿಲಲ್ಲೇ ತಡೆದು, ಅನ್ನವನ್ನೋ ರೊಟ್ಟಿಯನ್ನೋ ಕೊಟ್ಟು, ಬಂದ ದಾರಿಗೆ ಕಳಿಸುವುದು. ಒಳ್ಳೆಯ ಮನಸ್ಸಿನಿಂದ, ನಮ್ಮಿಬ್ಬರ ಮೇಲಿನ ಅಕ್ಕರೆಯಿಂದ, ಆಂಟಿ ಮಾಡಹೊರಟಿದ್ದು ಅದು. ನಾನೋ ಬಾಯಿ ತೆರೆಯುವಂತಿಲ್ಲ. ಮಾತಾಡಿ ತಡೆದರೆ ಅವಳ ಊರಿನ ಲೆಕ್ಕದಲ್ಲಿ ಕೆಟ್ಟಿತು, ಮಾತಾಡದೆ ನಿಂತರೆ ನಮ್ಮ ಊರಿನ ಲೆಕ್ಕದಲ್ಲಿ ಹೋಯಿತು.

ಇದನ್ನು ಬರೆಯಲು ಕೂತದ್ದೇ ಆ ಕ್ಷಣಕ್ಕಾಗಿ. ಯಾವುದನ್ನೂ ನಂಬದವಳು ನಾನು. ಆದರೂ ಆಂಟಿಯ ಕೈ ಏಳುತ್ತದೆ, ನನ್ನ ಬೆನ್ನ ಹಿಂದೆ ನಿಂತಿರುವುದು ಮತ್ತೆ ಆ ಹೊಲಕ್ಕೆ ಹೋಗುತ್ತದೆ, ಅವಿ ಇನ್ನು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎನ್ನುವುದು ಸರಿಯಾದ ಮಾತಲ್ಲ. ಗೊತ್ತಿತ್ತು. ತಲೆ ಅಲ್ಲಾಡಿಸಿದೆ. ಶಾಲು ಹಾಕಿದ ತೋಳನ್ನು ಮುಂದೆ ಚಾಚಿದೆ. ಅದರ ಅರ್ಥ ಆಂಟಿಗೆ ಹೇಗೆ ತಿಳಿಯಬೇಕು?

ಆಂಟಿಯ ಕೈ ನನ್ನ ಹಣೆಯ ಎತ್ತರಕ್ಕೆ ಬಂದು ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಅವರು ಗೋಡೆಗೆ ಒತ್ತಿ ಸರಿದು, ಹೊರಬಾಗಿಲನ್ನು ಪೂರ್ತಿ ಹಿಡಿದುಕೊಂಡು ದಾರಿ ಬಿಟ್ಟರು. ಆಗ ನನಗೆ ಆ ಪ್ರಶ್ನೆ ಕೇಳಿಸಿತು. ಬಂದಳಾ?

“ಬಂದಳು,” ಎಂದು ಒಳಗೆ ಕಾಲಿಟ್ಟೆ.

ಎರಡು ಮೆಟ್ಟಿಲು ಹತ್ತಿ ನೋಡಿದರೆ ಆಂಟಿ ಇನ್ನೂ ಬಾಗಿಲು ಹಿಡಿದೇ ನಿಂತಿದ್ದರು. ಅರೆ ನಿಮಿಷ ಬಾಗಿಲು ತೆರೆದಿಟ್ಟರೆ, ಹೀಟೆಲ್ಲ ಹೊರಗೆ ಹೋಯಿತು ಎಂದು ಕೂಗುವವರು. ಹಿಂದೆ ಇನ್ನೊಬ್ಬರು ಬರುವುದಿದೆ ಎಂಬಂತೆ ಕಾದು, ಆಮೇಲೆ ಮುಚ್ಚಿದರು.

“ಯಾರ ಬಂದ್ಲು?” ಎಂದು ಕೇಳಿದರು.

“ನೀವೇ ಕೇಳಿದ್ರಲ್ಲ ಆಂಟಿ, ಬಂದಳಾ ಅಂತ.”

“ನಾ ಎಲ್ಲಿ ಕೇಳಿದೆನವಾ? ನೀನ ಒಬ್ಬಾಕಿನ ‘ಬಂದಳು’ ಅಂದಿ. ನಿನ್ನ ಮಾರಿ ನೋಡಿ ನನಗ ಕೈನ ಏಳಲಿಲ್ಲ.”

ಅವಿ ಕೇಳಿರಬೇಕು ಎಂದು ಮೇಲೆ ಓಡಿದೆ. ಅವಳು ಮೆಟ್ಟಿಲಲ್ಲಿ ಇರಲಿಲ್ಲ. ತನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಅಷ್ಟು ದಿನಗಳಲ್ಲಿ ನಿದ್ದೆ ಎಂದು ಕರೆಯಬಹುದಾದ ನಿದ್ದೆ ಅದೇ ಮೊದಲು. ಶಾಲನ್ನು ಅವಳಿಗೆ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಹಸಿವು ಎಂದಳು. ಡಬ್ಬಿಯ ಅನ್ನ ಕಾರಿನ ಚಳಿಗೆ ಗಟ್ಟಿಯಾಗಿತ್ತು. ಬಿಸಿ ಮಾಡುತ್ತೇನೆ ಎಂದರೂ ಕೇಳದೆ ಹಾಗೇ ತಿಂದಳು. ಅಷ್ಟನ್ನೂ ಮುಗಿಸಿ ಡಬ್ಬಿಯ ತಳ ನೋಡಿ, “ಇಷ್ಟು ದೂರ ಹೋಗಿ ಕರೆದು, ಇಷ್ಟೇನಾ ಊಟ?” ಎಂದಳು.

ನಾನು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತೆ.

ಕಾರಣಗಳು ನನಗೂ ಗೊತ್ತು. ಕಬ್ಬಿಣದ ಮಾತ್ರೆ ಅಷ್ಟರಲ್ಲಿ ಕೆಲಸ ಮಾಡತೊಡಗಿರಬಹುದು. ಅಮ್ಮ ಹೇಳಿದ್ದನ್ನು ಯಾರೋ ಮಾಡುತ್ತಿದ್ದಾರೆ ಎಂಬ ನೆಮ್ಮದಿಯೇ ಅವಳಿಗೆ ನಿದ್ದೆ ತಂದಿರಬಹುದು. ನನ್ನ ಮುಖ ಕಂಡು ಆಂಟಿಗೆ ಮರುಕ ಹುಟ್ಟಿರಬಹುದು, ಕೇಳಿಯೂ ಕೇಳಿದ್ದನ್ನು ಮರೆತಿರಬಹುದು. ಆ ಪ್ರಶ್ನೆಗೇ ಕಾಯುತ್ತಿದ್ದ ನನ್ನ ಕಿವಿ ಅದನ್ನು ತಾನೇ ಹುಟ್ಟಿಸಿಕೊಂಡಿರಬಹುದು. ಒಂದೊಂದನ್ನೂ ಒಪ್ಪುತ್ತೇನೆ. ಆದರೆ ಆ ದನಿಯನ್ನು ನೆನಪಿಸಿಕೊಳ್ಳಲು ಹೋದಾಗಲೆಲ್ಲ ಒಂದೇ ಕಡೆ ನಿಲ್ಲುತ್ತೇನೆ. ಅದು ಆಂಟಿಯ ದನಿಯಲ್ಲ, ಅವಿಯದೂ ಅಲ್ಲ. ಯಾವ ಭಾಷೆಯಲ್ಲಿ ಕೇಳಿತು ಎಂದರೆ ಹೇಳಲಾರೆ. ಕೇಳಿದ್ದು ಏನು ಎಂಬುದು ಮಾತ್ರ ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಮುಂದಿನ ಭಾನುವಾರ ಅವಳ ಅಮ್ಮ ನನ್ನನ್ನೂ ಮಾತಾಡಿಸಿದರು. ಅವಿ ರಿಸೀವರನ್ನು ಇಬ್ಬರ ಕಿವಿಯ ನಡುವೆ ಹಿಡಿದು ಅರ್ಥ ಹೇಳುತ್ತಿದ್ದಳು. ಹೊಸ್ತಿಲಲ್ಲಿ ಕೇಳಿದವರು ಯಾರು ಎಂದು ಅಮ್ಮ ವಿಚಾರಿಸಿದರು. ಯಾರೂ ಅಲ್ಲ, ಆದರೆ ಕೇಳಿಸಿತು ಎಂದೆ. ಆಮೇಲೆ ಅವರು ಏನೋ ಒಂದು ಮಾತು ಹೇಳಿದರು. ಅವಿ ಅದನ್ನು ತಕ್ಷಣ ನನಗೆ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಹೇಳಿದಳು: “ಯಾರು ಅಂತ ಕೇಳಬೇಡಿ ಅಂತಾಳೆ. ಕೇಳೋರು ಒಬ್ಬರು ಇದ್ರಲ್ಲ, ಅಷ್ಟು ಸಾಕು ಅಂತಾಳೆ.”

ವಸಂತ ಬರುವ ಹೊತ್ತಿಗೆ ಅವಳು ಅರ್ಧಕ್ಕೆ ನಿಂತಿದ್ದ ಬಟ್ಟೆಯನ್ನು ನೇಯ್ದು ಮುಗಿಸಿದಳು. ಮುಂದಿನ ವರ್ಷ ನಮ್ಮಂಥವರ ಕೆಲಸಗಳು ಒಂದೊಂದಾಗಿ ಹೋಗತೊಡಗುವ ಮೊದಲೇ, ಯಾರೂ ಹೋಗು ಎನ್ನದೆ, ಊರಿಗೆ ಹೊರಟುಹೋದಳು. ಈಗ ಅಲ್ಲಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ, ನಾಟಿಯ ಕಾಲಕ್ಕೆ ತನ್ನ ವಯಸ್ಸಿನವರ ಜೊತೆ ಗದ್ದೆಗೆ ಇಳಿಯುತ್ತಾಳೆ. ಬಾ, ಬಂದು ಅಜ್ಜನ ಕಲ್ಲಿನ ಮೇಲೆ ಕೂತು ಹೋಗು ಎಂದು ಪ್ರತಿ ಸಲವೂ ಕರೆಯುತ್ತಾಳೆ. ನಾನಿನ್ನೂ ಹೋಗಿಲ್ಲ.

ನಾನೀಗ ಬೇರೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಸಂಜೆ ಬಂದು ಬೀಗ ತೆಗೆದು, ದೀಪ ಹಾಕುವ ಮೊದಲು, ಒಂದು ಗಳಿಗೆ ಹೊಸ್ತಿಲ ಹೊರಗೆ ನಿಲ್ಲುವ ಅಭ್ಯಾಸ ಹೇಗೋ ಬಂದುಬಿಟ್ಟಿದೆ. ಒಳಗಿನಿಂದ ಯಾರೂ ಏನೂ ಕೇಳುವುದಿಲ್ಲ. ಯಾರೂ ಇಲ್ಲದ ಮನೆ, ಕೇಳಬಾರದು ಕೂಡ. ನಿಂತು, ಆಮೇಲೆ ಒಳಗೆ ಹೋಗುತ್ತೇನೆ.